ಕಾಂಟೆಸ್ಸಾ ಕ್ಲಾಸಿಕ್ 1.8: ಎಂಜಿನ್ ಆಮೇಲೆ, ಮೊದಲು ತಗಡು ನೋಡಿ

ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದು, ಐದನೇ ಗೇರಿಗೆ ಹಾಕಿ, ಗಂಟೆಗೆ 80ರ ಓಟದಲ್ಲಿ ಬಿಟ್ಟರೆ ಕಾಂಟೆಸ್ಸಾ ಎಂಬ ಈ ಹಳೆ ಕಾರಿನ ಗತ್ತು ತಿಳಿಯುತ್ತದೆ. ಮುಂದೆ ಕಟ್ಟೆಯ ಹಾಗೆ ಚಾಚಿದ ಬಾನೆಟ್. ಹೊಂಡ ಬಂದರೆ ದಡ್ ಎನ್ನದೆ ಒಮ್ಮೆ ಮೇಲೆದ್ದು ಮೆಲ್ಲಗೆ ಕೂರುವ ಸ್ಪ್ರಿಂಗು. ಹಿಂದಿನ ಸೀಟಂತೂ ಸೋಫಾ. ಅಂದಿನ ಸಾಹೇಬರೂ ಸಾಹುಕಾರರೂ ಮರುಳಾಗಿದ್ದು ಅದಕ್ಕೇ. ಊರೊಳಗೆ ಮಾತ್ರ ಕಷ್ಟ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಯನ್ನು ಸೂಪರ್ ಮಾರ್ಕೆಟ್ ಸಂದಿಯಲ್ಲಿ ತಿರುಗಿಸಿ ನಿಲ್ಲಿಸಿದರೆ ರಟ್ಟೆ ನೆನಪಿಟ್ಟುಕೊಳ್ಳುತ್ತದೆ.

ಇದರ ಮೂಲ ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿಯ 1970ರ ದಶಕದ ವಿಎಕ್ಸ್. ಹಿಂದೂಸ್ತಾನ್ ಮೋಟಾರ್ಸ್ ಇದನ್ನು ಕಾಂಟೆಸ್ಸಾ ಎಂದು ಕರೆದು 1984ರ ಸುಮಾರಿಗೆ ಮಾರಾಟಕ್ಕಿಟ್ಟಿತು, 2002ರಲ್ಲಿ ನಿಲ್ಲಿಸಿತು. ಮೊದಲ ಗಾಡಿಗಳಲ್ಲಿ ಇದ್ದದ್ದು ಅಂಬಾಸಡರ್‌ನ 1489 ಸಿಸಿ ಎಂಜಿನ್, ಸುಮಾರು 50 ಅಶ್ವಶಕ್ತಿ. ಆನೆಯ ಮೈಗೆ ಆಡಿನ ಗುಂಡಿಗೆ ಇಟ್ಟ ಹಾಗೆ. ಆಮೇಲೆ ಜಪಾನಿನ ಇಸುಜು ಕಂಪನಿಯ 1817 ಸಿಸಿ ಪೆಟ್ರೋಲ್ ಎಂಜಿನ್, ಸುಮಾರು 88 ಅಶ್ವಶಕ್ತಿ, ಐದು ಗೇರು ಬಂದವು. ಅದೇ ಕ್ಲಾಸಿಕ್. ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಡೀಸೆಲ್ ಗಾಡಿ ಖರ್ಚು ಉಳಿಸುತ್ತದೆ, ನಿಜ. ಆದರೆ ಕಾಂಟೆಸ್ಸಾ ಹತ್ತುವುದೇ ಸದ್ದಿಲ್ಲದೆ ಸಾಗಲಿಕ್ಕೆ.

ಕೊಳ್ಳಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ತಪ್ಪು ಅಲ್ಲೇ. ಇದೇ ಇಸುಜು ಎಂಜಿನ್ ಅಂಬಾಸಡರ್ 1800 ಐಎಸ್‌ಝಡ್‌ನಲ್ಲೂ ಇತ್ತು. ಹಾಗಾಗಿ ಪಿಸ್ಟನ್, ರಿಂಗ್, ವಾಟರ್ ಪಂಪ್, ಗ್ಯಾಸ್ಕೆಟ್‌ಗಳಿಗೆ ಹೈದರಾಬಾದಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಾಡಿದರೆ ದಾರಿ ಸಿಗುತ್ತದೆ. ಬಾಡಿ ಹಾಗಲ್ಲ. ಟೇಲ್ ಲ್ಯಾಂಪ್, ಮುಂದಿನ ಗಾಜು, ಗಾಜಿನ ಸುತ್ತಲಿನ ರಬ್ಬರ್, ಬಾಗಿಲ ಬೀಡಿಂಗ್ ಇವೆಲ್ಲ ಮತ್ತೊಂದು ಕಾಂಟೆಸ್ಸಾ ಬಿಚ್ಚಿದರೆ ಮಾತ್ರ ಸಿಗುವಂಥವು. ಎಂಜಿನ್ ಹೊಗೆ ಬಿಡುತ್ತಿದ್ದರೂ ತಗಡು ಗಟ್ಟಿಯಿರುವ ಗಾಡಿಯೇ ಲೇಸು. ಹೊಸ ಪೇಂಟ್ ಹೊಡೆಸಿ ಮಿರಮಿರ ಮಿಂಚುವ ಗಾಡಿ ಕಂಡರೆ ಇನ್ನೊಂದು ಹೆಜ್ಜೆ ಹಿಂದೆ ಸರಿಯಿರಿ.

ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ ಇಟ್ಟುಕೊಂಡು ಹೋಗಿ. ತೆಳುವಾದ ಬಟ್ಟೆ ಸುತ್ತಿ ಬಾಗಿಲ ಕೆಳಂಚು, ಚಕ್ರದ ಕಮಾನು, ಬಾಗಿಲ ಕೆಳಗಿನ ಹಲಗೆಯ ಉದ್ದಕ್ಕೂ ಸರಿಸಿ. ಹಿಡಿತ ಸಡಿಲಾದ ಕಡೆ ಒಳಗೆ ತಗಡಿಲ್ಲ, ಪುಟ್ಟಿ ಇದೆ. ಮ್ಯಾಟ್ ಎತ್ತಿ ನೆಲ ನೋಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಗುಂಡಿ ನೋಡಿ, ಬ್ಯಾಟರಿಯ ತಳ ನೋಡಿ. ನಮ್ಮ ಕಡೆ ಒಣ ಹವೆ, ಕರಾವಳಿಯ ಗಾಡಿಗಳಷ್ಟು ತುಕ್ಕು ಹಿಡಿಯುವುದಿಲ್ಲ ಎಂಬುದು ಅರ್ಧ ಸತ್ಯ. ಬಾಗಿಲ ತಳದಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿವೆ. ಎರೆಮಣ್ಣಿನ ಧೂಳು ಅಲ್ಲಿ ಸೇರಿ, ಮೊದಲ ಮಳೆಗೆ ನೆನೆದು, ಅಂಟಿನ ಹಾಗೆ ಕೂತುಬಿಡುತ್ತದೆ. ಆಮೇಲೆ ಗಾಜಿನ ಸಂದಿಯಿಂದ ಇಳಿದ ನೀರಿಗೆ ಹೊರದಾರಿ ಇಲ್ಲ, ಬಾಗಿಲು ಒಳಗಿನಿಂದಲೇ ತಿನ್ನಿಸಿಕೊಳ್ಳುತ್ತದೆ. ಮೃಗಶಿರಕ್ಕೆ ಮುಂಚೆ ತಂತಿ ಹಾಕಿ ತೂತು ಚುಚ್ಚಿ ಬಿಡಿಸುವುದು ಐದು ನಿಮಿಷದ ಕೆಲಸ.

ಇನ್ನು ಬಿಸಿಲು. ಮೇ ತಿಂಗಳ 43 ಡಿಗ್ರಿಯಲ್ಲಿ ಎಸಿ ಹಾಕಿ ಸಿಗ್ನಲ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರತೊಡಗಿದರೆ ತಪ್ಪು ಹೆಚ್ಚಾಗಿ ಎಂಜಿನ್ನಿನದಲ್ಲ, ಅದರ ನೀರು ತಣಿಸುವ ರೇಡಿಯೇಟರಿನದು. ಬೋರ್‌ವೆಲ್ ನೀರು ಸುರಿದೂ ಸುರಿದೂ ಒಳಗಿನ ಕೊಳವೆಗಳಲ್ಲಿ ಸುಣ್ಣ ಕಟ್ಟಿರುತ್ತದೆ. ಮೇಲೆ ಫ್ಲಶ್ ಮಾಡಿದರೆ ಸಾಲದು. ಟ್ಯಾಂಕ್ ಬಿಚ್ಚಿಸಿ ರಾಡು ಹಾಯಿಸಿ, ಬೆಸೆದು ತರಬೇಕು. ಆಮೇಲೆ ಡಿಸ್ಟಿಲ್ಡ್ ನೀರು, ಕೂಲಂಟ್ ಸಮಸಮ. ಮಿಸ್ತ್ರಿಗಳಿಗೆ ಒಂದು ಚಟವಿದೆ: ಗಾಡಿ ಕಾಯುತ್ತದೆ ಎಂದರೆ ಥರ್ಮೋಸ್ಟಾಟ್, ಅಂದರೆ ಕಾವೇರಿದ ಮೇಲೆ ರೇಡಿಯೇಟರಿಗೆ ನೀರು ಬಿಡುವ ಕವಾಟ, ಕಿತ್ತು ಬಿಸಾಡುವುದು. ಬೇಡ ಎನ್ನಿ. ಅದು ಇಲ್ಲದಿದ್ದರೆ ಚಳಿಗಾಲದ ಬೆಳಿಗ್ಗೆ ಎಂಜಿನ್ ಸರಿಯಾಗಿ ಬಿಸಿಯೇರದೆ ಪೆಟ್ರೋಲ್ ಕುಡಿಯುತ್ತದೆ. ಅನುಮಾನವಿದ್ದರೆ ಪಾತ್ರೆಯ ನೀರಲ್ಲಿ ಹಾಕಿ ಕಾಯಿಸಿ. ನೀರು ಕುದಿಯುವ ಮುಂಚೆಯೇ ಬಾಯಿ ಬಿಡಬೇಕು. ಬಿಡದಿದ್ದರೆ ಬದಲಿಸಿ.

ಬಿಸಿಲಿನ ಇನ್ನೊಂದು ಆಟ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನಲ್ಲಿ. ಹತ್ತು ನಿಮಿಷ ನಿಲ್ಲಿಸಿ ಚಹಾ ಕುಡಿದು ಬಂದರೆ ಗಾಡಿ ಹಿಡಿಯುವುದಿಲ್ಲ. ಎಂಜಿನ್ನಿನ ಕಾವಿಗೆ ಪೆಟ್ರೋಲ್ ಕುದ್ದು ಆವಿಯಾಗಿರುತ್ತದೆ. ಆಗ ಎಕ್ಸಿಲರೇಟರ್ ಪಟಪಟ ಒತ್ತಬೇಡಿ, ಪ್ಲಗ್ ನೆನೆದು ಇನ್ನಷ್ಟು ಕೆಡುತ್ತದೆ. ಪೆಡಲ್ ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆಯಿರಿ, ಹಿಡಿದ ಕೂಡಲೇ ಕಾಲು ಸಡಿಲಿಸಿ. ಪೆಟ್ರೋಲ್ ಪೈಪು ಸೈಲೆನ್ಸರ್ ಮ್ಯಾನಿಫೋಲ್ಡ್‌ಗೆ ತಾಗಿಕೊಂಡಿದ್ದರೆ ದೂರ ಸರಿಸಿ ಕಟ್ಟಿಸಿ. ಕಾರ್ಬ್ಯುರೇಟರ್ ಕೆಳಗಿನ ದಪ್ಪ ಇನ್ಸುಲೇಟರ್ ಇದೆಯೇ ನೋಡಿ. ಶೇಕಡಾ 20 ಎಥನಾಲ್ ಬೆರೆಸಿದ ಈಗಿನ ಇ20 ಪೆಟ್ರೋಲ್‌ಗೆ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಂ ತಡೆಯುವುದಿಲ್ಲ. ಎಥನಾಲ್ ತಾಳುವ ಪೈಪನ್ನೇ ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಎಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ರಬ್ಬರ್ ಪಟ್ಟಿ, ಟೈಮಿಂಗ್ ಬೆಲ್ಟ್, ಯಾವಾಗ ಬದಲಿಸಿದ್ದೆಂದು ಮಾರುವವನಿಗೆ ಗೊತ್ತಿಲ್ಲದಿದ್ದರೆ ಬದಲಿಸಿಯೇ ಇಲ್ಲ ಎಂದುಕೊಳ್ಳಿ. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಟೈರಿನ ಬದಿಯ ನಾಲ್ಕು ಅಂಕಿಯನ್ನೂ ಓದಿ: 2314 ಎಂದಿದ್ದರೆ 2014ರ 23ನೇ ವಾರದ ಮಾಲು, ಗೆರೆ ಎಷ್ಟೇ ಆಳವಿರಲಿ ಎಸೆಯುವಂಥದ್ದು. ಓಡಿಸಿ ನೋಡುವಾಗ ಮೊದಲನೇ ಗೇರಿನಿಂದ ರಿವರ್ಸಿಗೆ ಹಾಕಿದಾಗ ಕೆಳಗಿನಿಂದ ಟಣ್ ಎಂದರೆ ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲರ್ ಶಾಫ್ಟಿನ ಕೀಲು, ಅಂದರೆ ಕ್ರಾಸ್, ಸವೆದಿದೆ. ಅಗ್ಗದ ಕೆಲಸ, ಚೌಕಾಶಿಗೆ ಒಳ್ಳೆಯ ನೆಪ. ಮೈಲೇಜ್ ಹೈವೇಯಲ್ಲಿ ಲೀಟರಿಗೆ ಒಂಬತ್ತೋ ಹತ್ತೋ. ಅದಕ್ಕಿಂತ ಹೆಚ್ಚು ಹೇಳುವವನನ್ನು ನಂಬಬೇಡಿ.

ಕಾಗದದ ವಿಷಯ. ಕಾಂಟೆಸ್ಸಾ ಇನ್ನೂ ವಿಂಟೇಜ್ ಅಲ್ಲ, ಕೇಂದ್ರದ ನಿಯಮದ ಪ್ರಕಾರ ಅದಕ್ಕೆ 50 ವರ್ಷ ದಾಟಿರಬೇಕು. ಆದ್ದರಿಂದ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ, ಜೊತೆಗೆ ಹಳೆ ಗಾಡಿಗಳ ಮೇಲಿನ ಹಸಿರು ತೆರಿಗೆ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಗಾಡಿಗಳಿವೆ. ಆರ್‌ಸಿಯಲ್ಲಿ ಪೆಟ್ರೋಲ್ ಎಂದೇ ಇದ್ದರೆ ಆರ್‌ಟಿಒದಲ್ಲಿ ಸಿಕ್ಕಿಬೀಳುತ್ತದೆ. ಕಲಬುರಗಿಯ ಕೆಎ 32 ಇರಲಿ, ಬೀದರಿನ ಕೆಎ 38 ಇರಲಿ, ಎಂಜಿನ್ ಮತ್ತು ಚಾಸಿಸ್ ನಂಬರಿನ ಮೇಲಿನ ಗ್ರೀಸ್ ಒರೆಸಿ ಆರ್‌ಸಿ ಜೊತೆ ಅಂಕಿ ಅಂಕಿಯಾಗಿ ತಾಳೆ ನೋಡುವ ತನಕ ಮುಂಗಡ ಕೊಡಬೇಡಿ.