ಕ್ಯಾಬ್ ಓಡಿಸುವವರಿಗೆ ಐಟಿಆರ್-4 ಸರಿಯೋ, ಐಟಿಆರ್-3 ಸರಿಯೋ? ಒಂದೇ ಲೆಕ್ಕ, ಎರಡು ಫಾರಂ

ಹಳದಿ ಬೋರ್ಡ್ ಕಾರು ಒಂದು, ಓಡಿಸುವವರೇ ಮಾಲೀಕರು, ಓಲಾ-ಊಬರ್‌ಗೆ ಅಟ್ಯಾಚ್. 2025-26ರಲ್ಲಿ ಗಿರಾಕಿಗಳು ಕೊಟ್ಟ ಬಾಡಿಗೆ ಒಟ್ಟು 9,60,000 ರೂಪಾಯಿ ಅಂತ ಇಟ್ಟುಕೊಳ್ಳಿ. ಅದರಲ್ಲಿ ನಗದು 2,40,000; ಉಳಿದ 7,20,000 ಆ್ಯಪ್ ಮತ್ತು ಯುಪಿಐ ಮೂಲಕ ಬಂದದ್ದು. ಇದೇ ಲೆಕ್ಕವನ್ನು ಆದಾಯ ತೆರಿಗೆ ರಿಟರ್ನ್‌ನ (ಐಟಿಆರ್) ಈ ಎರಡೂ ಫಾರಂಗೆ ಹಾಕಿ ನೋಡೋಣ.

ಐಟಿಆರ್-4ರಲ್ಲಿ ಸೆಕ್ಷನ್ 44ಎಡಿ (ವಹಿವಾಟಿನ ಇಂತಿಷ್ಟು ಶೇಕಡಾವನ್ನೇ ಲಾಭ ಅಂತ ಹಿಡಿಯುವ ದಾರಿ) ಹಿಡಿದರೆ ಬಿಲ್ ಜೋಡಿಸುವ ಗೋಜಿಲ್ಲ. ಬ್ಯಾಂಕಿಗೆ ಬಂದದ್ದಕ್ಕೆ 6%, ಅಂದರೆ 43,200. ನಗದಿಗೆ 8%, ಅಂದರೆ 19,200. ಕನಿಷ್ಠ ಲಾಭ 62,400 ರೂಪಾಯಿ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ, 12 ಲಕ್ಷದವರೆಗೆ ರಿಬೇಟ್ (ತೆರಿಗೆ ಮನ್ನಾ) ಇದೆ. ಹಾಗಾಗಿ ಕಟ್ಟಬೇಕಾದದ್ದು ಸೊನ್ನೆ.

ಐಟಿಆರ್-3ಕ್ಕೆ ನಿಜವಾದ ಖರ್ಚು ಬೇಕು. ಸಿಎನ್‌ಜಿ 3,00,000, ಆ್ಯಪ್ ಕಮಿಷನ್ 1,80,000, ಸಾಲದ ಬಡ್ಡಿ 60,000, ಇನ್ಶೂರೆನ್ಸ್ 45,000, ಸರ್ವಿಸ್-ಟೈರ್ 50,000, ಎಫ್‌ಸಿ-ಪರ್ಮಿಟ್ 10,000, ಫೋನ್ 6,000. ಇದರ ಮೇಲೆ ಸವಕಳಿ, ಅಂದರೆ ಕಾರು ಹಳೆಯದಾಗಿ ಬೆಲೆ ಇಳಿಯುವುದಕ್ಕೆ ಕಳೆಯುವ ಮೊತ್ತ. ಬಾಡಿಗೆಗೆ ಓಡುವ ಕಾರಿಗೆ ಅದು 30%, ಸ್ವಂತ ವ್ಯಾಪಾರಕ್ಕೆ ಇಟ್ಟ ಕಾರಿನಂತೆ 15% ಅಲ್ಲ. 7 ಲಕ್ಷದ ಕಾರಿಗೆ 2,10,000. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಓಡಿದ್ದರೆ ಅದರರ್ಧ. ಎಲ್ಲ ಕಳೆದು ಉಳಿದದ್ದು 99,000. ಇಲ್ಲೂ ತೆರಿಗೆ ಸೊನ್ನೆಯೇ, ಆದರೆ ಲಾಭ-ನಷ್ಟ ಪಟ್ಟಿ, ಬ್ಯಾಲೆನ್ಸ್ ಶೀಟ್, ಆಡಿಟರ್ ಫೀಸು ಬೇರೆ.

ಐಟಿಆರ್-3ರಲ್ಲಿ ಎಡವುವುದು ಎರಡು ಕಡೆ. ಒಂದು, ಇಎಂಐ ಪೂರ್ತಿ ಖರ್ಚು ಅಂತ ಬರೆಯುವುದು. ಅದರಲ್ಲಿ ಬಡ್ಡಿ ಮಾತ್ರ ಖರ್ಚು, ಅಸಲು ಅಲ್ಲ. ಎರಡು, ಒಬ್ಬರಿಗೇ ಒಂದೇ ದಿನ 10,000 ಮೀರಿ ನಗದು ಕೊಡುವುದು. ನಾಲ್ಕು ಟೈರಿಗೆ 18,000 ನಗದು ಎಣಿಸಿಕೊಟ್ಟರೆ ಬಿಲ್ ಇದ್ದರೂ ಆ ಖರ್ಚು ಲೆಕ್ಕಕ್ಕೆ ಸೇರುವುದಿಲ್ಲ.

ಹಾಗಾದರೆ ಐಟಿಆರ್-4 ಅಂತ ಕಣ್ಣು ಮುಚ್ಚಿ ಒತ್ತಿಬಿಡುವುದೇ? ಇಲ್ಲ, ಮುಂದೆ ಕಾರಿಗೋ ಮನೆಗೋ ಸಾಲ ಕೇಳುವವರು ಸ್ವಲ್ಪ ನಿಲ್ಲಿ. ವರ್ಷಕ್ಕೆ 62,400 ಆದಾಯದವರಿಗೆ ಯಾವ ಬ್ಯಾಂಕ್ ಸಾಲ ಕೊಟ್ಟೀತು? 6% ಮತ್ತು 8% ಕನಿಷ್ಠ ಮಿತಿ ಅಷ್ಟೇ, ನಿಜವಾಗಿ ಉಳಿದದ್ದು ಹೆಚ್ಚಿದ್ದರೆ ಅದನ್ನೇ ತೋರಿಸಬೇಕು. ಮೇಲಿನ ಲೆಕ್ಕದಲ್ಲಿ ಸವಕಳಿ ಬಿಟ್ಟರೆ ಕೈಗೆ ಉಳಿಯುವುದು 3,09,000. ಅದನ್ನೇ ಐಟಿಆರ್-4ರಲ್ಲಿ ತುಂಬಿದರೂ 4 ಲಕ್ಷದೊಳಗೇ ಇದೆ, ಒಂದು ರೂಪಾಯಿ ಹೆಚ್ಚಿಗೆ ಹೋಗುವುದಿಲ್ಲ. ಒಂದೇ ಕಾರಿನವರಿಗೆ ನಮ್ಮ ಆಯ್ಕೆ ಇದು. ಎರಡು-ಮೂರು ಕಾರಿಟ್ಟು ಡ್ರೈವರ್‌ಗಳಿಗೆ ಸಂಬಳ ಕೊಡುವವರಿಗೆ, ಬಡ್ಡಿಯಲ್ಲೇ ದುಡಿಮೆ ಕರಗುವವರಿಗೆ ಐಟಿಆರ್-3ರ ಶ್ರಮ ದಕ್ಕುತ್ತದೆ.

ಅತ್ತಿತ್ತ ಹಾರುವುದು ಮಾತ್ರ ಬೇಡ. ಒಮ್ಮೆ 44ಎಡಿ ಹಿಡಿದು ಮುಂದಿನ 5 ವರ್ಷದೊಳಗೆ ಅದಕ್ಕಿಂತ ಕಡಿಮೆ ಲಾಭ ತೋರಿಸಿದರೆ, ಆಮೇಲೆ 5 ವರ್ಷ ಆ ದಾರಿ ಬಂದ್. ಒಟ್ಟು ಆದಾಯ ತೆರಿಗೆ ಇಲ್ಲದ ಮಿತಿಯನ್ನು ದಾಟಿದ್ದರೆ ಆಡಿಟ್ ಕೂಡ.

ಯಾವ ಫಾರಂ ಆದರೂ ಮೊದಲು 26ಎಎಸ್ (ನಿಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿ) ಇಳಿಸಿಕೊಳ್ಳಿ. 2025-26ರಲ್ಲಿ ಆ್ಯಪ್‌ನವರು ಸೆಕ್ಷನ್ 194-ಒ ಅಡಿ 0.1% ತೆರಿಗೆ (ಟಿಡಿಎಸ್) ಹಿಡಿದದ್ದು ಕಮಿಷನ್ ಕಳೆಯುವ ಮುಂಚಿನ ಬಾಡಿಗೆಯ ಮೇಲೆ. 9,60,000ಕ್ಕೆ 960 ರೂಪಾಯಿ. ರಿಟರ್ನ್ ಹಾಕಿದರೆ ವಾಪಸ್. ಪ್ಯಾನ್ ಕೊಟ್ಟಿರದಿದ್ದರೆ ಹಿಡಿತ 5%, ಅಂದರೆ 48,000! ಹಲವರು ಕಮಿಷನ್ ಕಳೆದು ಕೈಗೆ ಬಂದ 7,80,000ವನ್ನೇ ವಹಿವಾಟು ಅಂತ ಬರೆಯುತ್ತಾರೆ. 26ಎಎಸ್ ಜೊತೆ ತಾಳೆಯಾಗದೆ ನೋಟಿಸ್ ಬರಬಹುದು. ‘ನಮ್ಮ ಯಾತ್ರಿ’ ಆ್ಯಪ್ ತರಹ ದುಡ್ಡು ನೇರ ಡ್ರೈವರ್ ಕೈಗೇ ಬರುವ ಕಡೆ 26ಎಎಸ್‌ನಲ್ಲಿ ಕಾಣದ ಟ್ರಿಪ್‌ಗಳನ್ನೂ ಯುಪಿಐ ಪಟ್ಟಿ ನೋಡಿ ಸೇರಿಸಬೇಕು.

ಕೆಲವರು ಸೆಕ್ಷನ್ 44ಎಇ ಹೇಳಿಕೊಡುತ್ತಾರೆ, ತಿಂಗಳಿಗೆ 7,500 ಲಾಭ ತೋರಿಸಿ ಮುಗಿಸಿ ಅಂತ. ಅದು ಟಾಟಾ ಏಸ್‌ನಂಥ ಸರಕು ಗಾಡಿಗೆ. ಜನರನ್ನು ಒಯ್ಯುವ ಕ್ಯಾಬ್‌ಗೆ ಅನ್ವಯಿಸುವುದಿಲ್ಲ.