ಬಿಸಿನೆಸ್ ಮುಳುಗಿದ ಮೇಲೆ ಸೇರಿದ ಆರು ವಾರದ ಕೋರ್ಸ್: ಐದಕ್ಕೆ ಮೂರು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಕೋರ್ಸ್‌ನ ಹೆಸರು ಹಾಕುವುದಿಲ್ಲ. ಇದರಲ್ಲಿ ಬೈಗುಳ ಸ್ವಲ್ಪ ಜಾಸ್ತಿ ಇದೆ, ಮತ್ತೆ ಇಂಥ ಆನ್‌ಲೈನ್ ಕೋರ್ಸ್‌ಗಳು ಬೇಕಾದಷ್ಟಿವೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಮೊದಲ ಬಿಸಿನೆಸ್‌ನಲ್ಲಿ ಸೋತವರಿಗೆ ಮತ್ತೆ ಹುಮ್ಮಸ್ಸು ತುಂಬುತ್ತೇವೆ ಅನ್ನುವ ಜಾಹೀರಾತು. ಆರು ವಾರ, ದಿನಕ್ಕೊಂದು ವಿಡಿಯೊ, ವಾರಕ್ಕೊಂದು ಲೈವ್ ಕ್ಲಾಸ್, ಒಂದು ವರ್ಕ್‌ಬುಕ್, ಒಂದು ಗ್ರೂಪ್.

ನಾನು ಯಾಕೆ ಸೇರಿದೆ ಅಂತ ಹೇಳಬೇಕಲ್ವಾ. ಮನೆಯಲ್ಲಿ ಸುಮ್ನೆ ಬಿದ್ದಿರುವ ಡ್ರಿಲ್ ಮಷಿನ್, ಏಣಿ, ಟೆಂಟ್ ಇಂಥದ್ದನ್ನೆಲ್ಲ ಅಕ್ಕಪಕ್ಕದವರಿಗೆ ಬಾಡಿಗೆಗೆ ಕೊಡುವ ಆ್ಯಪ್ ಮಾಡಿದ್ದೆ. ಕೇಳಿದವರೆಲ್ಲ "ಸೂಪರ್ ಐಡಿಯಾ" ಅಂದರು. ಹದಿನಾಲ್ಕು ತಿಂಗಳಲ್ಲಿ ಆದ ಬಾಡಿಗೆ 61. ಅದರಲ್ಲಿ ಒಂದಷ್ಟು ಸ್ನೇಹಿತರು ಪಾಪ ಅಂತ ತಗೊಂಡದ್ದು. ಮುಚ್ಚಿದೆ. ಮುಚ್ಚಿದ ಮೇಲೂ ಮೂರು ತಿಂಗಳು, ಲ್ಯಾಪ್‌ಟಾಪ್ ತೆರೆದರೆ ಸಾಕು, ಕೈ ತಾನಾಗಿಯೇ ಆ ಹಳೆ ಡ್ಯಾಶ್‌ಬೋರ್ಡ್‌ನ, ಅಂದರೆ ಆ್ಯಪ್‌ನ ಲೆಕ್ಕ ತೋರಿಸುವ ಪುಟದ, ವಿಳಾಸ ಟೈಪ್ ಮಾಡುತ್ತಿತ್ತು. ಸರ್ವರ್ ನಿಲ್ಲಿಸಿದವನು ನಾನೇ, ಪುಟ ತೆರೆಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವವನೂ ನಾನೇ. ಹೊಸದೇನಾದರೂ ಮಾಡೋಣ ಅಂದರೆ ಮನಸ್ಸು ಏಳುತ್ತಿರಲಿಲ್ಲ. ಅಂಥ ಒಂದು ರಾತ್ರಿ ಈ ಜಾಹೀರಾತು ಕಣ್ಣಿಗೆ ಬಿತ್ತು.

ಮೊದಲ ಎರಡು ವಾರ ಶುದ್ಧ ದಂಡ. ಬೆಳಿಗ್ಗೆ ಆರಕ್ಕೆ ಫೋನ್ ಟಿಂಗ್ ಅನ್ನುತ್ತದೆ, ನೋಡಿದರೆ "ನೀವು ಸಿಂಹ, ನೆನಪಿರಲಿ" ಅಂತ ಮೆಸೇಜ್. ಸಿಂಹ ಆಗಿದ್ದರೆ ಈ ಕೋರ್ಸಿಗೆ ಯಾಕೆ ಬರುತ್ತಿದ್ದೆ ಮಾರಾಯ್ರೆ? ವಿಡಿಯೊಗಳಲ್ಲಿ ಅದೇ ಗೆದ್ದವರ ಕಥೆಗಳು. ಜೇಮ್ಸ್ ಡೈಸನ್ ವ್ಯಾಕ್ಯೂಮ್ ಕ್ಲೀನರ್‌ಗಾಗಿ 5,127 ಮಾದರಿಗಳನ್ನು ಮಾಡಿದರು, ಆದ್ದರಿಂದ ನೀವೂ ಬಿಡಬೇಡಿ. ಅಷ್ಟು ವರ್ಷ ಮನೆ ನಡೆಯಲು ಚಿತ್ರಕಲೆ ಟೀಚರ್ ಆಗಿದ್ದ ಅವರ ಹೆಂಡತಿಯ ಸಂಬಳ ಆಸರೆಯಾಗಿತ್ತು ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ. ಮುಂದಿನ ಕಥೆ ಸ್ಲ್ಯಾಕ್‌ನದು, ಆಫೀಸಿನವರು ಒಳಗೊಳಗೆ ಚಾಟ್ ಮಾಡುವ ಆ್ಯಪ್. ಸ್ಟುವರ್ಟ್ ಬಟರ್‌ಫೀಲ್ಡ್ ಅವರ ತಂಡ ಗ್ಲಿಚ್ ಅಂತ ಒಂದು ಆನ್‌ಲೈನ್ ಆಟ ಕಟ್ಟಿತ್ತು. 2012ರಲ್ಲಿ ಅದನ್ನು ಮುಚ್ಚಿದರು, ಒಳಗೊಳಗೆ ಮಾತಾಡಿಕೊಳ್ಳಲು ತಾವೇ ಮಾಡಿಕೊಂಡಿದ್ದ ಚಾಟ್ ಸಾಧನವೇ ಮುಂದೆ ಸ್ಲ್ಯಾಕ್ ಆಯಿತು. ಒಳ್ಳೆ ಕಥೆಯೇ. ಆದರೆ ಅವರು ಕೈಯಲ್ಲಿ ಇನ್ನೂ ದುಡ್ಡು ಇರುವಾಗಲೇ ಆಟ ನಿಲ್ಲಿಸಿದವರು. ಅಂದರೆ ಒಂದು ಕಥೆ ಬಿಡಬೇಡಿ ಅನ್ನುತ್ತದೆ, ಇನ್ನೊಂದು ಸಮಯಕ್ಕೆ ಸರಿಯಾಗಿ ಬಿಡಿ ಅನ್ನುತ್ತದೆ. ಎರಡನ್ನೂ ಒಂದೇ ವಿಡಿಯೊದಲ್ಲಿ ತುರುಕಿ, ಹಿಂದೆ ಒಂದು ಮ್ಯೂಸಿಕ್ ಹಾಕಿ, ನಮ್ಮನ್ನು ಹುರಿದುಂಬಿಸಿದ್ದೇವೆ ಅಂದುಕೊಂಡರು.

ಎಷ್ಟು ಬೇಜಾರಾಯಿತೆಂದರೆ ದುಡ್ಡು ವಾಪಸ್ ಕೇಳೋಣ ಅಂತ ಮೇಲ್ ಟೈಪ್ ಮಾಡಿ ಇಟ್ಟಿದ್ದೆ.

ಮೂರನೇ ವಾರ ಪಾಠ ಮಾಡಿದವರು ಬೇರೆ. ಮೆಲ್ಲಗೆ ಮಾತಾಡುವ, ಸ್ಲೈಡ್‌ಗಳೂ ಇಲ್ಲದ ಮೇಡಂ. ಅವರ ಮೊದಲ ಮಾತೇ ನನ್ನನ್ನು ಕೂರಿಸಿತು. ಸೋಲೇ ಗುರು ಅನ್ನುತ್ತಾರಲ್ಲ, ಅದು ಅಷ್ಟೇನೂ ನಿಜ ಅಲ್ಲ ಅಂದರು. ಹಾರ್ವರ್ಡ್‌ನ ಸಂಶೋಧಕರ ಒಂದು ಅಧ್ಯಯನದ ಅಂಕಿ ತೋರಿಸಿದರು. ವೆಂಚರ್ ಕ್ಯಾಪಿಟಲ್, ಅಂದರೆ ಪಾಲು ತಗೊಂಡು ಹೊಸ ಕಂಪನಿಗಳಿಗೆ ದುಡ್ಡು ಹಾಕುವವರ ಹಣ ಪಡೆದ ಕಂಪನಿಗಳ ಲೆಕ್ಕ ಅದು, ಷೇರು ಮಾರುಕಟ್ಟೆಗೆ ಹೋದರೆ ಗೆದ್ದ ಹಾಗೆ. ಮೊದಲ ಸಲ ಕಂಪನಿ ಕಟ್ಟಿದವರು ಗೆಲ್ಲುವ ಸಾಧ್ಯತೆ 18 ಶೇಕಡ. ಹಿಂದೆ ಸೋತು ಮತ್ತೆ ಬಂದವರದು 20. ಹಿಂದೆ ಗೆದ್ದವರದು 30. ಸೋತವರಿಗೆ ಸಿಕ್ಕ ಲಾಭ ಬರೀ ಎರಡು ಅಂಕ! ನಮ್ಮ ಪುಟ್ಟ ಅಂಗಡಿಗಳಿಗೆ ಈ ಲೆಕ್ಕ ಹಾಗೇ ಅನ್ವಯಿಸಲ್ಲ ಅಂತಲೂ ಅವರೇ ಹೇಳಿದರು. ಆದರೂ ಸುಮ್ನೆ ಸೋತರೆ ಯಾರೂ ಏನನ್ನೂ ಕಲಿಸಿಕೊಡಲ್ಲ, ಕೂತು ಕೆದಕಿ ತೆಗೆಯಬೇಕು ಅನ್ನುವುದು ತಲೆಗೆ ಹೋಯಿತು.

ಕೆದಕುವ ವಿಧಾನ ಹೀಗೆ. ವರ್ಕ್‌ಬುಕ್ಕಿನ ಒಂದು ಪುಟದಲ್ಲಿ ಎರಡು ಕಾಲಂ, ಎಡಕ್ಕೆ "ಅಂದುಕೊಂಡದ್ದು", ಬಲಕ್ಕೆ "ಆದದ್ದು". ಷರತ್ತು ಒಂದೇ. ಪ್ರತಿ ಸಾಲಿನಲ್ಲೂ ಒಂದು ಸಂಖ್ಯೆ ಇರಬೇಕು, ಇಲ್ಲವೇ ಗ್ರಾಹಕರು ಬಾಯಿಬಿಟ್ಟು ಹೇಳಿದ ಮಾತಿರಬೇಕು. ನಾನು ಜಾಣನ ಹಾಗೆ "ಮಾರ್ಕೆಟಿಂಗ್ ಸಾಲಲಿಲ್ಲ" ಅಂತ ಬರೆದಿದ್ದೆ. ಮೇಡಂ ಅದಕ್ಕೆ ಕೆಂಪಿನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆದರು: "ಎರಡನೇ ಸಲ ಎಷ್ಟು ಜನ ಬಂದರು?"

ಹಳೆ ಫೈಲ್ ತೆಗೆದು ಎಣಿಸಿದೆ. ನಾಲ್ಕು ಜನ. ಇನ್ನೊಂದು ಸಲ ಎಣಿಸಿದೆ, ನಾಲ್ಕೇ. ಒಬ್ಬ ಗ್ರಾಹಕರು ಮುಂಚೆಯೇ ಮೆಸೇಜಿನಲ್ಲಿ ಬರೆದಿದ್ದರು, "ಗೋಡೆಗೆ ತೂತು ಕೊರೆಯೋಕೆ ಎರಡು ನಿಮಿಷ, ಮಷಿನ್ ತಂದು ವಾಪಸ್ ಕೊಡೋಕೆ ಒಂದು ಗಂಟೆ" ಅಂತ. ಅದನ್ನು ಓದಿ ನಗುವ ಇಮೋಜಿ ಕಳಿಸಿದ್ದೆ ನಾನು. ಇಡೀ ಬಿಸಿನೆಸ್ಸಿನ ಹಣೆಬರಹ ಆ ಒಂದು ಸಾಲಿನಲ್ಲಿತ್ತು, ಮತ್ತು ನಾನು ಬಿದ್ದರೂ ಮೀಸೆ ಮಣ್ಣಾಗಿಲ್ಲ ಅಂತ ಮಾರ್ಕೆಟಿಂಗ್ ಮೇಲೆ ತಪ್ಪು ಹೊರಿಸಿಕೊಂಡು ಓಡಾಡುತ್ತಿದ್ದೆ. ಅವಮಾನ ಆಯಿತು ನಿಜ. ಆದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು, ಯಾಕೆಂದರೆ ಸೋತದ್ದು ಆ ಲೆಕ್ಕ, ನಾನು ಪೂರ್ತಿ ಅಲ್ಲ.

ಇನ್ನೊಂದು ಅಭ್ಯಾಸವೂ ಅದೇ ವಾರದ್ದು. ಮುಚ್ಚಿದ ಬಿಸಿನೆಸ್ ಬಗ್ಗೆ ಇಪ್ಪತ್ತು ನಿಮಿಷ ಬರೆಯಬೇಕು, ಅಲಾರಾಂ ಹೊಡೆದ ತಕ್ಷಣ ಎದ್ದು ಬಾಕಿ ಇರುವ ಒಂದು ಚಿಲ್ಲರೆ ಕೆಲಸ ಮುಗಿಸಬೇಕು. ಡೊಮೈನ್ ರದ್ದು ಮಾಡುವುದು, ಯಾರದೋ ಡೆಪಾಸಿಟ್ ವಾಪಸ್ ಕಳಿಸುವುದು, ಇಂಥದ್ದು. ಡೀನ್ ಶೆಫರ್ಡ್ ಅನ್ನುವ ಸಂಶೋಧಕರು 2003ರಲ್ಲೇ ಇದನ್ನು ಹೇಳಿದ್ದಾರಂತೆ. ಬಿಸಿನೆಸ್ ಮುಚ್ಚುವುದೂ ಒಂದು ದುಃಖವೇ, ಅದರಲ್ಲೇ ಮುಳುಗಬಾರದು, ಮುಚ್ಚಿಟ್ಟುಕೊಂಡು ಓಡಲೂಬಾರದು, ಸ್ವಲ್ಪ ಹೊತ್ತು ಅದು ಸ್ವಲ್ಪ ಹೊತ್ತು ಇದು ಅಂತ ಓಡಾಡಬೇಕು ಅಂತ. ನನಗೆ ಹೊಂದಿತು. ಡ್ಯಾಶ್‌ಬೋರ್ಡ್ ಚಟ ಹತ್ತು ದಿನದಲ್ಲಿ ಬಿಟ್ಟುಹೋಯಿತು.

ನಾಲ್ಕನೇ ವಾರ ಬೆಳಿಗ್ಗೆ ಬೇಗ ಏಳುವುದು, ಕನಸುಗಳ ಚಿತ್ರ ಅಂಟಿಸುವುದು. ಬಿಟ್ಟುಬಿಡಿ. ಐದನೇ ವಾರ ಪಾಠಕ್ಕಿಂತ "ಅಡ್ವಾನ್ಸ್ಡ್" ಕೋರ್ಸಿನ ಮಾರಾಟವೇ ಜಾಸ್ತಿ. ಸಾಲ ಮಾಡಿಕೊಂಡವರು ಏನು ಮಾಡಬೇಕು, ಮನೆಯವರಿಗೆ ಹೇಗೆ ಹೇಳಬೇಕು ಅನ್ನುವುದಕ್ಕೆ ಆರು ವಾರದಲ್ಲಿ ಒಂದು ವಿಡಿಯೊ ಕೂಡ ಇಲ್ಲ, ಇದಕ್ಕೇ ನಾನು ಒಂದು ಸ್ಟಾರ್ ಕಿತ್ತದ್ದು. ವಾರಗಟ್ಟಲೆ ನಿದ್ದೆ, ಊಟ ಕೆಟ್ಟು ಕೂತವರಿಗೆ ಬೇಕಾದದ್ದು ಡಾಕ್ಟರ್, ಸಿಂಹದ ಮೆಸೇಜ್ ಅಲ್ಲ. ಇನ್ನೊಂದು ಸ್ಟಾರ್ ಹೋದದ್ದು ಮೊದಲ ಎರಡು ವಾರಕ್ಕೆ.

ಉಳಿದ ಒಳ್ಳೆಯದೆಂದರೆ ಜೋಡಿ. ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರರನ್ನು ಕೊಡುತ್ತಾರೆ, ವಾರಕ್ಕೆ ಹದಿನೈದು ನಿಮಿಷದ ಫೋನ್. ನನಗೆ ಸಿಕ್ಕಿದವರು ಆನ್‌ಲೈನ್ ಡ್ರಾಯಿಂಗ್ ಕ್ಲಾಸ್ ಮುಚ್ಚಿದವರು. ಮೂರೇ ಪ್ರಶ್ನೆ: ಏನು ಮಾಡ್ತೀನಿ ಅಂದಿದ್ದಿರಿ, ಏನು ಮಾಡಿದಿರಿ, ಮುಂದೆ ಏನು, ಯಾವಾಗ. ಆ ಯಾವಾಗ ಅನ್ನುವುದನ್ನು ಅವರು ಬಿಡುವುದೇ ಇಲ್ಲ. ಹೊಸ ಐಡಿಯಾ ಹುಡುಕ್ತೀನಿ ಅಂದರೆ ಒಪ್ಪುವುದಿಲ್ಲ, ಕೆಲಸ ಮುಗಿಸಿ ಕುರ್ಚಿಯಿಂದ ಏಳುವ ಮುಂಚೆ ಒಬ್ಬರಿಗೆ ಫೋನ್ ಮಾಡ್ತೀನಿ ಅಂದರೆ ಬರೆದುಕೊಳ್ಳುತ್ತಾರೆ. ಹುಮ್ಮಸ್ಸು ಬರಲಿ ಅಂತ ಕಾಯುತ್ತಿದ್ದವನಿಗೆ, ಅದಿಲ್ಲದೆಯೂ ಒಂದು ಫೋನ್ ಮಾಡಬಹುದು ಅಂತ ಗೊತ್ತಾದದ್ದು ಇಲ್ಲೇ.

ಸೇರಬಹುದಾ ಅಂತ ಕೇಳಿದರೆ, ಮುಚ್ಚಿ ಎರಡು ವಾರ ಆಗಿದ್ದರೆ ಬೇಡ, ಸ್ವಲ್ಪ ತಣ್ಣಗಾಗಲಿ. ಸೇರಿದರೆ ಸೀದಾ ಮೂರನೇ ವಾರಕ್ಕೆ ಹೋಗಿ, ನೋಟಿಫಿಕೇಶನ್ ಆಫ್ ಮಾಡಿ. ಕೋರ್ಸ್ ಮುಗಿದು ನಾಲ್ಕು ತಿಂಗಳಾಯಿತು, ಬುಧವಾರದ ಫೋನ್ ಮಾತ್ರ ಇನ್ನೂ ನಿಂತಿಲ್ಲ. ಈ ವಾರ ಐದು ಜನರ ಹತ್ತಿರ ಮಾತಾಡ್ತೀನಿ ಅಂದಿದ್ದೆ. ಎರಡಾಗಿದೆ, ಇವತ್ತು ಮಂಗಳವಾರ.