ಎಡಪಾದದ ಹುಣ್ಣಿಗೆ ಯಾವ ಸಂಕೇತ?

ಕೇಸ್ ಶೀಟಿನಲ್ಲಿದ್ದದ್ದು ಒಂದೂವರೆ ಸಾಲು: "ಕೆ/ಸಿ/ಒ ಟಿ2ಡಿಎಂ, 10 ವರ್ಷ. ಎಡಪಾದದಲ್ಲಿ ಹುಣ್ಣು. ಗ್ಯಾಂಗ್ರೀನ್ ಇಲ್ಲ." ಅಂದರೆ ಹತ್ತು ವರ್ಷದಿಂದ ಎರಡನೇ ಬಗೆಯ ಮಧುಮೇಹವಿರುವ ರೋಗಿ, ಎಡಪಾದದಲ್ಲಿ ಹುಣ್ಣಿದೆ, ಆದರೆ ಅಂಗಾಂಶ ಸತ್ತು ಕೊಳೆತಿಲ್ಲ. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕುಳಿತು ಇಂಥ ಟಿಪ್ಪಣಿಗಳಿಗೆ ಸಂಕೇತ ಹಚ್ಚುವುದು ನನ್ನ ಕೆಲಸ. ಇದೊಂದೇ ಸಾಲನ್ನು ನಾಲ್ಕು ದಾರಿಯಲ್ಲಿ ನಡೆಸಿ ನೋಡಿದೆ.

ಮೊದಲು, ಕೈ ಪಳಗಿದ ಐಸಿಡಿ-10, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಸಂಕೇತಗಳ ಪಟ್ಟಿಯ ಹತ್ತನೇ ಆವೃತ್ತಿ. ಎರಡನೇ ಬಗೆಯ ಮಧುಮೇಹಕ್ಕೆ ಇ11, ಮುಂದೆ .5; ಒಂದು ನಿಮಿಷವೂ ಹಿಡಿಯಲಿಲ್ಲ. ಆದರೆ ಆ .5ರ ಕೆಳಗೆ ಇರುವುದನ್ನು ಓದಿದರೆ ಸಂಕಟವಾಗುತ್ತದೆ. ರಕ್ತನಾಳದ ತೊಂದರೆ, ಹುಣ್ಣು, ಗ್ಯಾಂಗ್ರೀನ್ ಮೂರೂ ಒಂದೇ ಗೂಡಿನಲ್ಲಿವೆ. ವೈದ್ಯರು ನೆನಪಿಟ್ಟು 'ಗ್ಯಾಂಗ್ರೀನ್ ಇಲ್ಲ' ಎಂದು ಬರೆದದ್ದು ಅಲ್ಲಿಗೇ ಅಳಿಸಿಹೋಯಿತು. ಕಾಲು ಯಾವುದೆಂಬುದೂ ಉಳಿಯಲಿಲ್ಲ. ಎಣಿಕೆಯ ವರದಿಗೆ ಇಷ್ಟು ಸಾಕು. ಆರು ತಿಂಗಳ ನಂತರ ಅದೇ ರೋಗಿಯನ್ನು ನೋಡುವವರಿಗೆ ಸಾಲದು.

2022ರ ಜನವರಿಯಲ್ಲಿ ಜಾರಿಗೆ ಬಂದ ಐಸಿಡಿ-11 ಇಲ್ಲಿ ನನ್ನ ಮನಸ್ಸು ಗೆದ್ದಿತು. ಮಧುಮೇಹದ ಪಾದದ ಹುಣ್ಣಿಗೆ ಬಿಡಿ54 ಎಂಬ ಸ್ವಂತ ಸಂಕೇತವಿದೆ. ಓರೆಗೆರೆ ಎಳೆದು 5ಎ11 ಸೇರಿಸಿದರೆ ಮಧುಮೇಹದ ಬಗೆಯೂ ಜೊತೆಗೆ ಬರುತ್ತದೆ. 'ಎಡ' ಎನ್ನುವುದನ್ನು ಪೋಣಿಸಲು ಬೇರೆಯದೇ ಸಂಕೇತವುಂಟು. ಮೊದಲ ವಾರ ತಡವರಿಸಿದೆ, ಆಮೇಲೆ ಕೈಗೆ ಹತ್ತಿತು.

ವೈದ್ಯಕೀಯ ಪರಿಕಲ್ಪನೆಗಳಿಗೆ ಒಂದೊಂದು ಸಂಖ್ಯೆ ಕೊಡುವ ಅಂತರರಾಷ್ಟ್ರೀಯ ಪದಕೋಶ ಸ್ನೊಮೆಡ್ ಸಿಟಿಯ ಆಳವೇ ಬೇರೆ. ಅದನ್ನು ನಡೆಸುವ ಸಂಸ್ಥೆಗೆ ಭಾರತ 2014ರಲ್ಲಿ ಸದಸ್ಯ ರಾಷ್ಟ್ರವಾದದ್ದರಿಂದ ನಮ್ಮಲ್ಲಿ ಬಳಕೆಗೆ ಶುಲ್ಕವಿಲ್ಲ. ಮೂರು ಲಕ್ಷಕ್ಕೂ ಹೆಚ್ಚು ಪರಿಕಲ್ಪನೆಗಳ ನಡುವೆ ಎರಡನೇ ಬಗೆಯ ಮಧುಮೇಹ 44054006. 'ಇಲ್ಲ' ಎಂಬ ಮಾತನ್ನೂ ಇಲ್ಲಿ 'ಇಲ್ಲ' ಎಂದೇ ದಾಖಲಿಸಬಹುದು, ಅದು ದೊಡ್ಡ ಮಾತು. ಆದರೆ ಒಂದು ಪದ ಹುಡುಕಿದರೆ ಹತ್ತಾರು ನೆರೆಹೊರೆಯ ಪದಗಳು ಎದ್ದು ಬರುತ್ತವೆ. ಒಳ್ಳೆಯ ತಂತ್ರಾಂಶವಿಲ್ಲದೆ ದಿನಕ್ಕೆ ಐವತ್ತು ಹಾಳೆ ಮುಗಿಸುವವರು ಇದಕ್ಕೆ ಕೈ ಹಾಕಬಾರದು.

ಕೊನೆಗೆ ಕೃತಕ ಬುದ್ಧಿಮತ್ತೆಯ ಒಂದು ಸಹಾಯಕ. ಸಂಕ್ಷೇಪಗಳನ್ನು ಚೆನ್ನಾಗಿ ಬಿಡಿಸಿತು. ಕೆ/ಸಿ/ಒ ಎಂದರೆ ಮೊದಲೇ ಗೊತ್ತಿರುವ ಕಾಯಿಲೆ ಎಂದು ಹಿಡಿಯಿತು. ಆದರೆ ಇಲ್ಲದ ಗ್ಯಾಂಗ್ರೀನಿಗೂ ಒಂದು ಸಂಕೇತ ಕೊಟ್ಟಿತು. ಅದು ಕೊಟ್ಟ ಒಂದು ಸ್ನೊಮೆಡ್ ಸಂಖ್ಯೆ ಎಲ್ಲಿಯೂ ಸಿಗಲಿಲ್ಲ. ಆ ಸಂಖ್ಯೆಗಳ ಕೊನೆಯ ಅಂಕಿ ತಾಳೆ ನೋಡಲೆಂದೇ ಇರುವುದು, ಪರೀಕ್ಷಿಸಿದರೆ ತಾಳೆಯಾಗಲಿಲ್ಲ.

ಈಗ ಸಂಕ್ಷೇಪ ಬಿಡಿಸಲು ಮಾತ್ರ ಯಂತ್ರದ ನೆರವು ಪಡೆಯುತ್ತೇನೆ. ಸಂಕೇತವನ್ನು ಐಸಿಡಿ-11ರಲ್ಲಿ ನಾನೇ ಹಚ್ಚಿ, ವರದಿಗೆ ಕೇಳಿದಾಗ ಐಸಿಡಿ-10ಕ್ಕೆ ಇಳಿಸುತ್ತೇನೆ. ಎಡವೋ ಬಲವೋ ಬರೆಯದ ಹಾಳೆ ಬಂದರೆ ವಾರ್ಡಿಗೆ ಫೋನ್ ಮಾಡಿ ಕೇಳುತ್ತೇನೆ.